ಮದುವೆ ಮನೆಗೆ ಸೀರೆ ಉಡುವವರಿಗೆ: ಒಂದು ತಿಂಗಳ ಮೊದಲಿನಿಂದ ಧಾರೆಯ ದಿನದವರೆಗೆ

ವರ್ಷವಿಡೀ ಚೂಡಿದಾರ ಅಥವಾ ಜೀನ್ಸ್ ತೊಟ್ಟು ಓಡಾಡುವವರಿಗೆ ಹತ್ತಿರದ ನೆಂಟರ ಮದುವೆ ನಿಶ್ಚಯವಾಯಿತೆಂದರೆ ರೇಷ್ಮೆ ಸೀರೆ ಉಡುವ ಆಸೆ ಒಂದು ಕಡೆ, ಅದನ್ನು ದಿನವಿಡೀ ನಿಭಾಯಿಸುವುದು ಹೇಗೆಂಬ ಅಳುಕು ಇನ್ನೊಂದು ಕಡೆ. ಕನ್ನಡಿಯ ಮುಂದೆ ಐದು ನಿಮಿಷ ನಿಂತಾಗ ಚೆಂದ ಕಾಣುವ ಅಲಂಕಾರವೇ ಬೇರೆ. ಬೆಳಗಿನ ಜಾವ ಮನೆ ಬಿಟ್ಟು, ಛತ್ರದಲ್ಲಿ ಧಾರೆಗೆ ನಿಂತು, ಹಿರಿಯರ ಕಾಲಿಗೆ ಬಾಗಿ, ಪಂಕ್ತಿಯಲ್ಲಿ ಕುಳಿತು ಉಂಡು, ಹೆಣ್ಣೊಪ್ಪಿಸುವ ಹೊತ್ತಿನವರೆಗೂ ಕೆಡದೆ ಉಳಿಯುವ ಅಲಂಕಾರವೇ ಬೇರೆ. ಈ ಲೇಖನ ಎರಡನೆಯದರ ಬಗ್ಗೆ. ಸೆರಗನ್ನು ಗಳಿಗೆಗೊಮ್ಮೆ ಎಳೆದುಕೊಳ್ಳುತ್ತ, ರವಿಕೆಯ ಬಗಲು ಹರಿದೀತೆಂದು ಕೈ ಎತ್ತಲು ಹೆದರುತ್ತ ಕಳೆಯುವ ದಿನದಲ್ಲಿ ಎಷ್ಟೇ ಬೆಲೆಬಾಳುವ ಸೀರೆಯೂ ಮುಖಕ್ಕೆ ಗೆಲುವು ತರಲಾರದು. ಮೈಮೇಲಿನ ಬಟ್ಟೆಯನ್ನು ಮರೆತು ಮದುವೆಯ ಗದ್ದಲದಲ್ಲಿ ಬೆರೆಯುವಂತಾದರೆ ಮಾತ್ರ ನಮಗೂ ಹಿತ, ನೋಡುವವರಿಗೂ ಹಿತ. ಅದಕ್ಕೆ ಬೇಕಾದ ಸಿದ್ಧತೆಯ ಮುಕ್ಕಾಲು ಪಾಲು ಮದುವೆಯ ದಿನಕ್ಕೆ ಬಹಳ ಮೊದಲೇ ಮುಗಿದಿರಬೇಕು.

ಸೀರೆಯನ್ನು ಆರಿಸುವುದು

ಮದುವೆಯಲ್ಲಿ ನಿಮ್ಮ ಪಾಲಿಗೆ ಯಾವ ಕೆಲಸ ಬೀಳಲಿದೆ ಎಂಬುದನ್ನು ಮೊದಲು ಯೋಚಿಸಿ. ಮದುಮಗಳ ಅಕ್ಕನೋ ಅತ್ತಿಗೆಯೋ ಆಗಿದ್ದರೆ ಆರತಿ ತಟ್ಟೆ, ಕಳಶ, ತಾಂಬೂಲದ ಚೀಲಗಳನ್ನು ಹಿಡಿದು ಮಹಡಿ ಹತ್ತಿ ಇಳಿಯುವ ಕೆಲಸ ತಪ್ಪುವುದಿಲ್ಲ. ಅಂಥವರಿಗೆ ಅಗಲ ಜರಿ ಅಂಚಿನ, ಎತ್ತಿದರೆ ಭಾರವೆನಿಸುವ ಕಂಚಿ ಸೀರೆ ಬೆಳಗ್ಗೆ ಎಂಟಕ್ಕೆ ಹೆಮ್ಮೆಯಾಗಿದ್ದರೂ ಹನ್ನೊಂದಕ್ಕೆ ಹೊರೆಯಾಗುತ್ತದೆ. ಬಂದು, ಕುಳಿತು, ಉಂಡು, ಉಡುಗೊರೆ ಕೊಟ್ಟು ಹೊರಡುವ ಅತಿಥಿಯಾಗಿದ್ದರೆ ಅದೇ ಸೀರೆ ಒಳ್ಳೆಯ ಆಯ್ಕೆ; ಬಿರುಸಾದ ರೇಷ್ಮೆಯಲ್ಲಿ ನೆರಿಗೆ ಒಮ್ಮೆ ಕುಳಿತರೆ ಕದಲುವುದಿಲ್ಲ.

ಮೈಸೂರು ರೇಷ್ಮೆಯ ಗುಣ ಇದಕ್ಕೆ ತಿರುಗುಮುರುಗು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯಲ್ಲಿ ಇಂದಿಗೂ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನೇಯಿಸುವ ಈ ಕ್ರೇಪ್ ಸೀರೆ ಹಗುರ, ಮೆದು, ಮೈಗೆ ಅಂಟಿಕೊಂಡು ಇಳಿಬೀಳುತ್ತದೆ. ಸೆಖೆಗೆ ಹಿತ, ನಿಂತ ಭಂಗಿಗೆ ಸೊಗಸು. ಆದರೆ ಜಾರುವುದು ಅದರ ಜಾಯಮಾನ. ಭುಜದ ಮೇಲೂ ನಡುವಿನಲ್ಲೂ ಎಚ್ಚರದಿಂದ ಪಿನ್ ಮಾಡದಿದ್ದರೆ ಕೈಕೊಡುತ್ತದೆ. ಅದರ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಬೆಳ್ಳಿ ಇರುವ ಕಡೆ ಸುಗಂಧದ್ರವ್ಯ, ಬೆವರು, ನುಸಿಗುಳಿಗೆ ತಾಗಿದರೆ ಕಪ್ಪಾಗುವ ಭಯವೂ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದು ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಸೀರೆಯ ಅಭ್ಯಾಸವೇ ಇಲ್ಲದವರಿಗೆ ನನ್ನ ಮೊದಲ ಸಲಹೆ ಇಳಕಲ್ ಸೀರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಡಲಿನ ನೂಲಿಗೆ ಸೆರಗಿನ ಕೆಂಪು ರೇಷ್ಮೆಯ ನೂಲನ್ನು ಕೊಂಡಿ ಹಾಕಿ ಬೆಸೆದು ನೇಯುವ ಈ ಸೀರೆ ಅಷ್ಟು ಜಾರುವುದೂ ಇಲ್ಲ, ಅಷ್ಟು ಸೆಟೆದು ನಿಲ್ಲುವುದೂ ಇಲ್ಲ. ಕೆಂಪಿನ ಮೇಲೆ ಬಿಳಿಯ ತೆನೆಗಳು ಮೂಡಿದ ತೋಪುತೆನೆ ಸೆರಗೇ ಅದರ ಅಂದವಾದ್ದರಿಂದ ಉಡುವಾಗ ಸೆರಗನ್ನು ಮೊಣಕಾಲಿನವರೆಗೆ ಇಳಿಬಿಡಬೇಕು. ಗಿಡ್ಡ ಮಾಡಿದರೆ ಇಳಕಲ್ ಉಟ್ಟದ್ದೇ ವ್ಯರ್ಥ. ಅದೇ ಜಿಲ್ಲೆಯ ಗುಳೇದಗುಡ್ಡದ ಖಣದ ರವಿಕೆ ಜೊತೆಗಿದ್ದರೆ ಮೈತುಂಬ ಒಡವೆಯ ಅಗತ್ಯವೂ ಬೀಳುವುದಿಲ್ಲ.

ಅಮ್ಮನ ಅಥವಾ ಅಜ್ಜಿಯ ಬೀರುವಿನ ಸೀರೆಯನ್ನು ಉಡುವ ಮನಸ್ಸಿದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಏಕೆಂದರೆ ಹಲವು ಸಲ ಉಟ್ಟ ರೇಷ್ಮೆ ಪಳಗಿರುತ್ತದೆ. ಆದರೆ ಅದನ್ನು ಒಂದು ತಿಂಗಳ ಮೊದಲೇ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಮಡಿಕೆಯ ಗೆರೆಗಳನ್ನು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಸೀರೆ ಆ ಗೆರೆಯಲ್ಲಿ ಸೀಳಿರುತ್ತದೆ. ಬೆಳಕು ಸೂಜಿಮೊನೆಯಷ್ಟು ತೂರಿ ಬರುತ್ತಿದ್ದರೆ ಎರಡು ಬದಿಯನ್ನೂ ಹಗುರವಾಗಿ ಎಳೆದು ಪರೀಕ್ಷಿಸಿ. ಸೀಳು ಒಳಸುತ್ತಿನಲ್ಲಿ ಬರುವಂತಿದ್ದರೆ ಯೋಚನೆಯಿಲ್ಲ, ಹಿಂದೆ ತೆಳು ಬಟ್ಟೆ ಕೊಟ್ಟು ಹೊಲಿಸಬಹುದು. ಭುಜದ ಮೇಲೆ ಅಥವಾ ನೆರಿಗೆಯಲ್ಲಿ ಬರುವಂತಿದ್ದರೆ ಆ ಸೀರೆಯನ್ನು ದಣಿಸಬೇಡಿ.

ಹೊಸದನ್ನು ಕೊಳ್ಳುವವರು ಅಂಗಡಿಯ ದೀಪವನ್ನು ನಂಬದೆ, ಸೀರೆಯನ್ನು ಭುಜದ ಮೇಲೆ ಹಾಕಿಕೊಂಡು ಬಾಗಿಲ ಬಳಿಯ ಹಗಲು ಬೆಳಕಿಗೆ ಬಂದು ಸೀರೆಯನ್ನಲ್ಲ, ತಮ್ಮ ಮುಖವನ್ನು ನೋಡಿಕೊಳ್ಳಬೇಕು. "ನಿಮ್ಮ ಕಲರ್‌ಗೆ ಇದು ಏಳೋದಿಲ್ಲ ಮೇಡಂ" ಎಂಬ ಅಂಗಡಿಯವರ ಮಾತಿಗೆ ಬೆಲೆ ಕೊಡುವ ಅಗತ್ಯ ನನಗಂತೂ ಎಂದೂ ಕಂಡಿಲ್ಲ. ಅರಿಶಿನ ಹಳದಿ, ಕುಂಕುಮಗೆಂಪು, ಗಿಳಿಹಸಿರು, ನೇರಳೆಯಂಥ ಗಟ್ಟಿ ಬಣ್ಣಗಳು ಎಣ್ಣೆಗೆಂಪು ಮೈಬಣ್ಣದ ಮೇಲೆ ಬಿಳಿಚು ಬಣ್ಣಗಳಿಗಿಂತ ಹೆಚ್ಚು ಕಳೆಗಟ್ಟುತ್ತವೆ.

ರವಿಕೆಗೆ ಕೊಡಬೇಕಾದ ಕಾಲ

ದಿನವಿಡೀ ಹಿತವಾಗಿರುವುದೂ ಹಿಂಸೆಯಾಗುವುದೂ ಸೀರೆಗಿಂತ ರವಿಕೆಯನ್ನೇ ಅವಲಂಬಿಸಿದೆ. ಮಾಘ, ವೈಶಾಖದ ಲಗ್ನದ ತಿಂಗಳುಗಳಲ್ಲಿ ಟೈಲರುಗಳ ಬಳಿ ಬಟ್ಟೆಯ ರಾಶಿ ಬಿದ್ದಿರುವುದರಿಂದ ಕನಿಷ್ಠ ಒಂದು ತಿಂಗಳ ಮೊದಲು ಬಟ್ಟೆ ಕೊಟ್ಟು, ಮದುವೆಗೆ ಹತ್ತು ದಿನ ಮೊದಲಿನ ದಿನಾಂಕವನ್ನೇ ಮದುವೆಯ ದಿನವೆಂದು ಹೇಳಿಬಿಡಿ. ಇದು ಸುಳ್ಳೇನೋ ಹೌದು, ಆದರೆ ಟೈಲರಿಗೂ ಇದು ಗೊತ್ತಿರುತ್ತದೆ.

ಅಳತೆ ಕೊಡುವಾಗ ಮದುವೆಯ ದಿನ ಯಾವ ಒಳ ಉಡುಪು ತೊಡುವಿರೋ ಅದನ್ನೇ ತೊಟ್ಟು ಹೋಗಬೇಕು. ಮೂರು ವರ್ಷದ ಹಿಂದಿನ ಅಳತೆ ಬ್ಲೌಸು ಕೊಟ್ಟು ಬರುವ ಸೋಮಾರಿತನ ಬೇಡ. ಲೈನಿಂಗ್ ಬಟ್ಟೆ ಹತ್ತಿಯದೇ ಆಗಿರಲಿ, ಅದನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಬಟ್ಟೆ ಕುಗ್ಗಿ ಹೊರಬಟ್ಟೆ ಸುಕ್ಕುಗಟ್ಟುತ್ತದೆ. ಎರಡೂ ಪಕ್ಕದಲ್ಲಿ ಒಂದು ಇಂಚಿನಷ್ಟಾದರೂ ಬಟ್ಟೆಯನ್ನು ಒಳಗೆ ಬಿಡಲು ಹೇಳಿ. ಬಗಲಿನ ಕೊರೆತ ದೊಡ್ಡದಿದ್ದರೆ ಸಡಿಲವಾಗಿ ಆರಾಮವೆನಿಸುತ್ತದೆಂದು ಹಲವರು ತಿಳಿಯುತ್ತಾರೆ. ಆಗುವುದು ಅದರ ವಿರುದ್ಧ. ಬಗಲು ಕೆಳಗಿಳಿದಷ್ಟೂ ತೋಳು ಎತ್ತಿದಾಗ ಇಡೀ ರವಿಕೆಯೇ ಮೇಲೇರುತ್ತದೆ. ಬಗಲು ಕಂಕುಳಿಗೆ ಹತ್ತಿರವಿದ್ದು ತೋಳು ಹದವಾಗಿದ್ದರೆ ಕೈ ಸಲೀಸಾಗಿ ಆಡುತ್ತದೆ.

ಬೆನ್ನು ಆಳವಾಗಿ ತೆರೆದ ವಿನ್ಯಾಸ ಬೇಕಿದ್ದರೆ ಭುಜ ಜಾರದಂತೆ ಹಿಂದೆ ಲಾಡಿ ಕಟ್ಟುವ ಏರ್ಪಾಡು ಮಾಡಿಸಿಕೊಳ್ಳಿ. ಹುಕ್ಕುಗಳು ಬೆನ್ನಿನ ಕಡೆ ಇದ್ದರೆ ತೊಡುವಾಗಲೂ ಬಿಚ್ಚುವಾಗಲೂ ಇನ್ನೊಬ್ಬರ ಕೈ ಬೇಕು ಎಂಬುದನ್ನು ಛತ್ರದ ರೂಮಿನಲ್ಲಿ ಒಬ್ಬರೇ ನಿಂತಾಗ ನೆನೆಸಿಕೊಂಡು ಪ್ರಯೋಜನವಿಲ್ಲ.

ರವಿಕೆ ಕೈಸೇರಿದ ದಿನವೇ ತೊಟ್ಟು ನಾಲ್ಕು ಕೆಲಸ ಮಾಡಿ ನೋಡಿ. ಅಕ್ಷತೆ ಹಾಕುವವರಂತೆ ಬಲಗೈಯನ್ನು ತಲೆಗಿಂತ ಮೇಲೆ ಎತ್ತಿ. ಹಿರಿಯರಿಗೆ ನಮಸ್ಕರಿಸುವವರಂತೆ ಪೂರ್ತಿ ಬಾಗಿ. ಪಂಕ್ತಿಯಲ್ಲಿ ಕೂರುವವರಂತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಲೆಯ ಕೊನೆಯ ಉಪ್ಪಿನಕಾಯಿಗೆ ಕೈ ಚಾಚಿ. ಮನೆಯಲ್ಲಿ ಮಗುವಿದ್ದರೆ ಸೊಂಟಕ್ಕೆ ಎತ್ತಿಕೊಳ್ಳಿ. ಈ ನಾಲ್ಕರಲ್ಲಿ ಯಾವುದಾದರೊಂದರಲ್ಲಿ ಹುಕ್ಕು ಬಾಯಿ ಬಿಟ್ಟರೆ, ತೋಳಿನ ಅಂಚು ಚರ್ಮಕ್ಕೆ ಕಚ್ಚಿದರೆ, ಅದೇ ಸಂಜೆ ಟೈಲರ ಬಳಿ ಹೋಗಿ ಒಳಗೆ ಬಿಟ್ಟ ಬಟ್ಟೆಯನ್ನು ಬಿಡಿಸಿ. "ಇನ್ನು ಹತ್ತು ದಿನ ಅನ್ನ ಬಿಟ್ಟರೆ ಸರಿಹೋಗುತ್ತದೆ" ಎಂದು ರವಿಕೆಗೆ ತಕ್ಕಂತೆ ಮೈಯನ್ನು ತಿದ್ದಲು ಹೊರಡುವುದು ತಲೆಕೆಳಗಾದ ವ್ಯವಹಾರ. ಬಿಗಿದ ರವಿಕೆಯಲ್ಲಿ ತೆಳ್ಳಗಿರುವವರೂ ದಪ್ಪ ಕಾಣುತ್ತಾರೆ, ಹದವಾದ ಹೊಲಿಗೆಯಲ್ಲಿ ದಪ್ಪಗಿರುವವರೂ ಸೊಗಸಾಗಿ ಕಾಣುತ್ತಾರೆ.

ಫಾಲ್ಸ್, ಲಂಗ, ಚಪ್ಪಲಿ

ಸೀರೆಗೆ ಫಾಲ್ಸ್ ಹಾಕಿಸಿ, ಕೊನೆಗಳಿಗೆ ಜಿಗ್‌ಜಾಗ್ ಮಾಡಿಸಿ, ಬೇಕಿದ್ದರೆ ಸೆರಗಿಗೆ ಕುಚ್ಚು ಕಟ್ಟಿಸುವ ಕೆಲಸ ಇದೇ ಸಮಯದಲ್ಲಿ ಆಗಲಿ. ಹತ್ತಿಯ ಫಾಲ್ಸನ್ನೂ ನೆನೆಸಿ ಒಣಗಿಸಿಯೇ ಕೊಡಬೇಕು. ಲಂಗ ಸೀರೆಯ ಬಣ್ಣದ್ದು, ಹತ್ತಿಯದು, ನೆಲದಿಂದ ಎರಡು ಇಂಚು ಮೇಲಿರುವಂಥದು ಆಗಿರಲಿ. ಮೈಸೂರು ರೇಷ್ಮೆಯಂಥ ಕ್ರೇಪ್ ಸೀರೆಯ ಕೆಳಗೆ ಮಾತ್ರ ಹೆಚ್ಚು ನೆರಿಗೆಯ ಲಂಗ ಉಬ್ಬಿ ಕಾಣುವುದರಿಂದ ಮೈಗೆ ಹೊಂದುವ ಶೇಪ್‌ವೇರ್ ಲಂಗ ವಾಸಿ. ತೆಳು ಲಾಡಿಯನ್ನು ಬಿಗಿದು ಕಟ್ಟಿದರೆ ಊಟವಾದ ಮೇಲೆ ನಡುವಿನಲ್ಲಿ ಕೊರೆಯುತ್ತದೆ; ಅಗಲ ಪಟ್ಟಿಯಿರುವ ಲಂಗದಲ್ಲಿ ಅದೇ ಬಿಗಿ ಹಿತವಾಗಿರುತ್ತದೆ.

ಚಪ್ಪಲಿಯ ವಿಷಯದಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆಯೆಂದರೆ ಹೈಹೀಲ್ಡ್ ತೊಟ್ಟು ಅದರ ಎತ್ತರಕ್ಕೆ ಸೀರೆ ಉಡಿ ಎಂಬುದು. ಸಂಜೆಯ ಆರತಕ್ಷತೆಗೆ ಅದು ಸರಿ. ಧಾರೆಗೆ ಮಾತ್ರ ಅದು ಹೊಂದುವುದಿಲ್ಲ, ಏಕೆಂದರೆ ಮಂಟಪದ ಹತ್ತಿರ ಚಪ್ಪಲಿ ಬಿಟ್ಟೇ ಹೋಗಬೇಕು. ಹೀಲ್ಸ್ ಬಿಟ್ಟ ಕೂಡಲೇ ಸೀರೆ ಎರಡು ಮೂರು ಇಂಚು ನೆಲಕ್ಕೆ ಎಳೆದು, ಮೆಟ್ಟಿಲು ಹತ್ತುವಾಗ ಕಾಲಿಗೆ ತೊಡರುತ್ತದೆ. ಆದ್ದರಿಂದ ಬೆಳಗಿನ ಕಾರ್ಯಕ್ಕೆ ತಗ್ಗಾದ ಚಪ್ಪಲಿ ಆರಿಸಿ, ಬರಿಗಾಲಿನಲ್ಲಿ ನಿಂತಾಗ ಸೀರೆಯ ಅಂಚು ಪಾದದ ಮೇಲ್ಭಾಗವನ್ನು ಮುಟ್ಟಿ ನೆಲವನ್ನು ಮುಟ್ಟದಂತೆ ಉಡಿ. ಛತ್ರದ ಬಾಗಿಲಲ್ಲಿ ಚಪ್ಪಲಿ ಕಳೆದುಹೋಗುವ ಸಂಭವವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ತೀರಾ ದುಬಾರಿಯದು ಬೇಡ.

ಕೊನೆಯ ವಾರದ ಮಟ್ಟಿಗೆ

ಈ ವಾರದಲ್ಲಿ ಮುಖಕ್ಕೂ ಕೂದಲಿಗೂ ಹೊಸದೇನನ್ನೂ ಮೊದಲ ಬಾರಿಗೆ ಮಾಡಬಾರದು ಎಂಬುದೊಂದೇ ನಿಯಮ. ಫೇಶಿಯಲ್ ಮಾಡಿಸುವುದಿದ್ದರೆ ಏಳೆಂಟು ದಿನ ಮೊದಲೇ ಮುಗಿಸಿ. ಎದ್ದ ಗುಳ್ಳೆ ಇಳಿಯಲು ಅಷ್ಟು ಕಾಲ ಬೇಕು. ಹುಬ್ಬು ತೀಡಿಸುವುದು, ವ್ಯಾಕ್ಸಿಂಗ್ ಮಾಡಿಸುವುದು ಎರಡು ಮೂರು ದಿನ ಮುಂಚೆ ಸಾಕು. ಮುಖಕ್ಕೆ ನಿಂಬೆರಸ ಹಚ್ಚುವ ಮನೆಮದ್ದನ್ನು ಈಗಲೇ ಕೈಬಿಡಿ. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಕಲೆಯಂಥ ಕಂದು ಗುರುತು ಏಳುವುದುಂಟು.

ಕೂದಲಿಗೆ ಬಣ್ಣ ಹಾಕುವವರು ಹಳೆಯ ಬ್ರ್ಯಾಂಡಾದರೂ ಸರಿ, ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾದು ನೋಡುವುದು ಕ್ಷೇಮ. ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕಕ್ಕೆ ಅಲರ್ಜಿ ಇದ್ದಕ್ಕಿದ್ದಂತೆ ತಲೆದೋರಬಲ್ಲದು, ಮುಖ ಬಾತುಕೊಂಡರೆ ಮದುವೆಯನ್ನೇ ತಪ್ಪಿಸಿಕೊಳ್ಳಬೇಕಾಗುತ್ತದೆ. ಅದೇ ರಾಸಾಯನಿಕವನ್ನು ಬೆರೆಸಿದ "ಕಪ್ಪು ಮೆಹೆಂದಿ" ಕೋನುಗಳೂ ಮಾರುಕಟ್ಟೆಯಲ್ಲಿವೆ. ಅಪ್ಪಟ ಮದರಂಗಿ ಎಂದೂ ಕಡುಗಪ್ಪು ಬಣ್ಣ ಕೊಡುವುದಿಲ್ಲ, ಹಚ್ಚಿದ ಅರ್ಧ ಗಂಟೆಯಲ್ಲೂ ಕೊಡುವುದಿಲ್ಲ. ತೆಗೆದಾಗ ಕಿತ್ತಳೆಯಾಗಿದ್ದು ಒಂದೆರಡು ದಿನಗಳಲ್ಲಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಹೀಗಾಗಿ ಧಾರೆಗೆ ಎರಡು ದಿನ ಮೊದಲ ಸಂಜೆ ಹಚ್ಚಿಕೊಂಡು, ಐದಾರು ಗಂಟೆ ಬಿಟ್ಟು, ನೀರು ತಾಗಿಸದೆ ಉದುರಿಸಿ, ಕೊಬ್ಬರಿ ಎಣ್ಣೆ ಸವರಿಕೊಂಡರೆ ಮುಹೂರ್ತದ ಹೊತ್ತಿಗೆ ರಂಗು ಸರಿಯಾಗಿ ಏರಿರುತ್ತದೆ.

ಹಿಂದಿನ ರಾತ್ರಿ

ಸೀರೆಯ ಇಸ್ತ್ರಿ ಹದವಾದ ಶಾಖದಲ್ಲಿ, ಒಳಮೈ ಕಡೆಯಿಂದ, ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ ಆಗಬೇಕು. ರೇಷ್ಮೆಯ ಮೇಲೆ ನೀರು ಚಿಮುಕಿಸಿದರೆ ಕಲೆಯಾಗಿ ಉಳಿಯುತ್ತದೆ. ನಂತರ ಒಬ್ಬರ ನೆರವು ಪಡೆದು ಸೆರಗಿನ ಮಡಿಕೆಗಳನ್ನು ಮಂಚದ ಮೇಲೆ ಹಾಸಿ ಮಾಡಿ, ಭುಜದ ಮೇಲೆ ಬರುವ ಜಾಗದಲ್ಲಿ ಕ್ಲಿಪ್ ಹಾಕಿಡಿ. ಅಗಲ ಅಂಚಿನ ಕಂಚಿ ಸೀರೆಗಾದರೆ ನಡುವಿನ ನೆರಿಗೆಯನ್ನೂ ಹೀಗೇ ಮೊದಲೇ ಹಿಡಿದಿಡಬಹುದು. ಈಗ ಊರೂರಿನ ಪಾರ್ಲರುಗಳಲ್ಲಿ ನೆರಿಗೆ ಹಿಡಿದು ಇಸ್ತ್ರಿ ಮಾಡಿ ಪೆಟ್ಟಿಗೆಯಂತೆ ಮಡಿಸಿ ಕೊಡುವವರೂ ಇದ್ದಾರೆ, ಅಭ್ಯಾಸವಿಲ್ಲದವರು ಆ ಹಣವನ್ನು ಕೊಡುವುದು ದಂಡವಲ್ಲ.

ಕೈಚೀಲದಲ್ಲಿ ಇರಬೇಕಾದವು ಹೆಚ್ಚೇನಿಲ್ಲ: ಆರೆಂಟು ಸೇಫ್ಟಿ ಪಿನ್ನು, ರವಿಕೆಯ ಬಣ್ಣದ ದಾರ ಪೋಣಿಸಿದ ಸೂಜಿ, ಹತ್ತಿಯ ಕರವಸ್ತ್ರ, ಬಿಂದಿ ಪ್ಯಾಕೆಟ್ಟು, ಲಿಪ್‌ಸ್ಟಿಕ್. ಇದನ್ನು ರಾತ್ರಿಯೇ ತುಂಬಿಡಿ. ಒಡವೆಗಳನ್ನು ಹಾಕುವ ಕ್ರಮದಲ್ಲಿ ಒಂದು ತಟ್ಟೆಯಲ್ಲಿ ಜೋಡಿಸಿಡಿ. ಮತ್ತೆ ಹೊಸ ಯೋಚನೆಗಳಿಗೆ ಎಡೆಗೊಡದೆ ಮಲಗಿ. ಕಣ್ಣಿನ ಕೆಳಗಿನ ಕಪ್ಪಿಗೆ ನಿದ್ದೆಗಿಂತ ಒಳ್ಳೆಯ ಕನ್ಸೀಲರ್ ಇಲ್ಲ.

ಬೆಳಗಿನ ಎರಡು ಗಂಟೆ

ಛತ್ರ ತಲುಪಬೇಕಾದ ಸಮಯದಿಂದ ಹಿಂದಕ್ಕೆ ಎಣಿಸಿ. ಅಪರೂಪಕ್ಕೆ ಸೀರೆ ಉಡುವವರಿಗೆ ಉಡುವುದಕ್ಕೇ ಅರ್ಧ ಗಂಟೆ ಬೇಕು. ಸ್ನಾನದಿಂದ ಹೂ ಮುಡಿಯುವವರೆಗೆ ಒಟ್ಟು ಎರಡು ಗಂಟೆ ಇಟ್ಟುಕೊಂಡರೆ ಗಾಬರಿಯಿರುವುದಿಲ್ಲ. ಮನೆಯಲ್ಲಿ ಒಂದೇ ಬಚ್ಚಲಿದ್ದು ನೆಂಟರು ತುಂಬಿದ್ದರೆ ಎಲ್ಲರಿಗಿಂತ ಮೊದಲು ಏಳುವುದೇ ಉಪಾಯ. ಏನಾದರೂ ತಿಂದೇ ಸೀರೆಗೆ ಕೈಹಾಕಿ, ಎರಡು ಇಡ್ಲಿಯಾದರೂ ಸರಿ. ಮುಹೂರ್ತ ತಡವಾಗುವುದು ಮದುವೆಯಲ್ಲಿ ಹೊಸತೇನಲ್ಲ.

ಕ್ರಮ ಹೀಗಿರಲಿ: ಸ್ನಾನ, ಲಂಗ ಮತ್ತು ರವಿಕೆ, ಸುಗಂಧ, ಜಡೆ, ಮುಖದ ಅಲಂಕಾರ, ಸೀರೆ, ಒಡವೆ, ಕೊನೆಗೆ ಹೂವು. ಸುಗಂಧವನ್ನು ಸೀರೆಗಿಂತ ಮೊದಲೇ ಹಾಕಿಕೊಂಡು ಆರಲು ಬಿಡುವುದಕ್ಕೆ ಕಾರಣ ಆಗಲೇ ಹೇಳಿದ ಜರಿಯ ಬೆಳ್ಳಿ; ರೇಷ್ಮೆಯ ಮೇಲೆ ಸ್ಪ್ರೇ ಬಿದ್ದ ಕಲೆಯೂ ಹೋಗುವುದಿಲ್ಲ. ಹೆಗಲ ಮೇಲೊಂದು ಟವೆಲ್ ಹೊದ್ದು ಮುಖಕ್ಕೆ ಹಚ್ಚಿಕೊಳ್ಳಿ.

ಫೌಂಡೇಶನ್ ಆರಿಸುವಾಗ ಮುಂಗೈ ಮೇಲೆ ಹಚ್ಚಿ ನೋಡುವುದಕ್ಕಿಂತ ದವಡೆಯ ಅಂಚಿನಲ್ಲಿ ಹಚ್ಚಿ ಹಗಲು ಬೆಳಕಿನಲ್ಲಿ ನೋಡಿ. ಎಲ್ಲಿ ಹಚ್ಚಿದ್ದೆಂದು ಗೊತ್ತಾಗದಿದ್ದರೆ ಅದು ನಿಮ್ಮ ಬಣ್ಣ. ಪಾರ್ಲರಿನವರಿಂದ ಮಾಡಿಸಿಕೊಳ್ಳುವವರು "ನನ್ನ ಬಣ್ಣಕ್ಕಿಂತ ಬೆಳ್ಳಗೆ ಮಾಡಬೇಡಿ" ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳದಿದ್ದರೆ ಎರಡು ಶೇಡ್ ತಿಳಿಯಾದದ್ದನ್ನು ಬಳಿದು, ಕುತ್ತಿಗೆ ಒಂದು ಬಣ್ಣ, ಬೂದು ಬಳಿದಂಥ ಮುಖ ಇನ್ನೊಂದು ಬಣ್ಣವಾಗಿ ಮದುವೆ ಆಲ್ಬಮ್ಮಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ಸನ್‌ಸ್ಕ್ರೀನ್ ದಪ್ಪಗೆ ಹಚ್ಚಿದರೂ ಫ್ಲಾಶ್ ಬೆಳಕಿನಲ್ಲಿ ಮುಖ ಬಿಳಿಚಿದಂತೆ ಬರುತ್ತದೆ. ಒಳಾಂಗಣದ ಛತ್ರದಲ್ಲೇ ದಿನ ಕಳೆಯುವುದಿದ್ದರೆ ತೆಳುವಾಗಿ ಹಚ್ಚಿದರೆ ಸಾಕು.

ಕಾಡಿಗೆ ಮಾತ್ರ ನೀರಿಗೆ ಕರಗದ್ದೇ ಇರಲಿ. ಹೋಮಕುಂಡದ ಹೊಗೆ ನೇರವಾಗಿ ಮುಂದಿನ ಸಾಲಿನವರ ಕಣ್ಣಿಗೇ ಬರುತ್ತದೆ, ಹೆಣ್ಣೊಪ್ಪಿಸುವ ಹೊತ್ತಿನ ಕಣ್ಣೀರು ಬೇರೆ. ಬೆವರಿದಾಗ ಮುಖವನ್ನು ಉಜ್ಜದೆ ಕರವಸ್ತ್ರದಿಂದ ಒತ್ತಿ ತೆಗೆಯಿರಿ.

ಈಗ ಸೀರೆ. ಬರಿಗಾಲಿನಲ್ಲಿ, ಪೂರ್ಣ ಕನ್ನಡಿಯ ಮುಂದೆ ನಿಂತು, ಸೀರೆಯ ಒಳತುದಿಯನ್ನು ಹೊಕ್ಕುಳಿನ ಬಲಕ್ಕೆ ಸಿಕ್ಕಿಸಿ, ಎಡದಿಂದ ಹಿಂದಕ್ಕೆ ಒಂದು ಸುತ್ತು ತಂದು ಮತ್ತೆ ಮುಂದೆ ಬನ್ನಿ. ಈ ಸುತ್ತಿನಲ್ಲಿಯೇ ಕೆಳ ಅಂಚಿನ ಎತ್ತರ ನಿರ್ಧಾರವಾಗುವುದರಿಂದ ಅವಸರ ಬೇಡ, ಹಿಂಬದಿಯಲ್ಲಿ ಅಂಚು ಏರುಪೇರಾಗಿಲ್ಲವೆಂದು ತಿರುಗಿ ನೋಡಿ. ಇಲ್ಲಿ ಹಲವರು ನೇರವಾಗಿ ನೆರಿಗೆ ಹಿಡಿಯಲು ತೊಡಗುತ್ತಾರೆ. ಅದರ ಬದಲು ಮೊದಲು ಸೆರಗನ್ನು ಮುಗಿಸಿ: ರಾತ್ರಿ ಮಡಿಸಿಟ್ಟ ಸೆರಗನ್ನು ಎಡ ಭುಜದ ಮೇಲೆ ಹಾಕಿ, ಉದ್ದ ಸರಿಯಿದೆಯೆಂದು ನೋಡಿ ಪಿನ್ ಮಾಡಿ. ಸೆರಗಿಗೆ ಎಷ್ಟು ಬಟ್ಟೆ ಹೋಯಿತೆಂಬುದು ಗೊತ್ತಾದ ಮೇಲೆ ಉಳಿದದ್ದೆಲ್ಲ ನೆರಿಗೆಗೇ ಸಿಗುತ್ತದೆ, ಹಾಗಾಗಿ ಹಿಡಿದದ್ದನ್ನು ಬಿಚ್ಚಿ ಮತ್ತೆ ಹಿಡಿಯುವ ಪ್ರಮೇಯ ಬರುವುದಿಲ್ಲ.

ಪಿನ್ ಚುಚ್ಚುವ ಮೊದಲು ಅದರ ಸುರುಳಿಯ ತುದಿಗೆ ಒಂದು ಸಣ್ಣ ಮಣಿಯನ್ನು ಪೋಣಿಸಿಕೊಂಡರೆ ರೇಷ್ಮೆಯ ಎಳೆ ಆ ಸುರುಳಿಯೊಳಗೆ ಸಿಕ್ಕಿ ಹರಿಯುವುದು ತಪ್ಪುತ್ತದೆ. ಮಡಿಕೆಗಳೆಲ್ಲವನ್ನೂ ಮೇಲಿನಿಂದ ಚುಚ್ಚದೆ, ರವಿಕೆಯ ಒಳಗಿನಿಂದ ಪಿನ್ ತಂದು ಸೆರಗಿನ ಕೆಳಪದರಗಳನ್ನು ಹಿಡಿದು ಮತ್ತೆ ಒಳಗೇ ಮುಚ್ಚಿದರೆ ಪಿನ್ ಹೊರಗೆ ಕಾಣುವುದಿಲ್ಲ, ಭಾರವೂ ಒಂದೇ ಎಳೆಯ ಮೇಲೆ ಬೀಳುವುದಿಲ್ಲ. ಬಲ ಸೊಂಟದಿಂದ ಎದೆಯ ಮೇಲೆ ಹಾಯುವ ಅಂಚು ಸಡಿಲವಾಗಿ ಜೋತುಬೀಳದಂತೆ ಎಡ ಪಕ್ಕೆಯಲ್ಲಿ ಎಳೆದು ಸರಿಪಡಿಸಿ.

ಉಳಿದ ಬಟ್ಟೆಯನ್ನು ಹೆಬ್ಬೆರಳು ಮತ್ತು ಕಿರುಬೆರಳಿನ ನಡುವೆ ಹಿಡಿದು ಐದರಿಂದ ಏಳು ನೆರಿಗೆ ಮಾಡಿ. ಎಲ್ಲ ನೆರಿಗೆಯ ಕೆಳತುದಿಯೂ ಸಮವಾಗಿರುವಂತೆ ಒಬ್ಬರು ಕೆಳಗೆ ಕುಳಿತು ಎಳೆದು ಹಿಡಿಯಲಿ, ಈ ಒಂದು ಗಳಿಗೆಗೆ ಮನೆಯ ಮಕ್ಕಳೂ ಸಾಕು. ನೆರಿಗೆಯ ಬಾಯಿ ಎಡಕ್ಕೆ ತಿರುಗಿರಬೇಕು. ಸಿಕ್ಕಿಸುವ ಮುನ್ನ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಸಹಜವಾಗಿ ಉಸಿರಾಡುವಾಗಲೇ ಸಿಕ್ಕಿಸಿ. ಇಲ್ಲವಾದರೆ ಕುಳಿತ ಕೂಡಲೇ ಬಿಗಿಯೆನಿಸುತ್ತದೆ. ನೆರಿಗೆಗಳನ್ನೆಲ್ಲ ಸೇರಿಸಿ ಲಂಗಕ್ಕೆ ಒಂದು ಪಿನ್ ಹಾಕಿ. ನಾಲ್ಕು ಹೆಜ್ಜೆ ನಡೆದು, ಒಮ್ಮೆ ಕುಳಿತು ಎದ್ದು, ಮೆಟ್ಟಿಲಿದ್ದರೆ ಎರಡು ಮೆಟ್ಟಿಲು ಹತ್ತಿ ನೋಡಿ.

ಕೊಡಗಿನವರು ನೆರಿಗೆಯನ್ನು ಹಿಂದಕ್ಕೆ ಹಾಕಿ ಸೆರಗನ್ನು ಬಲ ಭುಜದ ಮೇಲೆ ತಂದು ಪಿನ್ ಮಾಡುವ ಕ್ರಮದಲ್ಲಿ ಈ ತೊಡರುವ ಕಾಟ ಎಷ್ಟೋ ಕಡಿಮೆ, ಕೈಗಳೆರಡೂ ಕೆಲಸಕ್ಕೆ ಸಲೀಸು. ಆ ಕಡೆಯವರಲ್ಲದವರು ಉಡಬಾರದೆಂದೇನೂ ಇಲ್ಲ, ಕಲಿಸುವವರು ಬೇಕಷ್ಟೆ.

ಒಡವೆ ಮತ್ತು ಹೂವು

ಕೊರಳು, ಕಿವಿ, ಕೈ, ನಡು ಎಲ್ಲವೂ ಏಕಕಾಲಕ್ಕೆ ತುಂಬಿದ್ದರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಕಾಸಿನ ಸರ ಅಥವಾ ಅವಲಕ್ಕಿ ಸರ ಹಾಕುವ ದಿನ ಕಿವಿಗೆ ಸಣ್ಣ ಬೆಂಡೋಲೆ ಸಾಕು. ದೊಡ್ಡ ಜುಮುಕಿ ಹಾಕುವ ದಿನ ಕೊರಳು ಬರಿದಾಗಿದ್ದರೂ ಚೆಂದ. ಭಾರದ ಜುಮುಕಿಗೆ ಮಾಟಿ ಹಾಕಿ ಕೂದಲಿಗೆ ಸಿಕ್ಕಿಸುವುದು ಬರೀ ಅಲಂಕಾರಕ್ಕಲ್ಲ, ಕಿವಿಯ ತೂತಿನ ಮೇಲಿನ ಭಾರವನ್ನು ಅದು ಹೊರುತ್ತದೆ. ಕೃತಕ ಒಡವೆಯಲ್ಲಿರುವ ನಿಕ್ಕಲ್ಲಿಗೆ ಚರ್ಮ ತುರಿಸುವವರು ಹಿಂದಿನ ದಿನವೇ ಬಣ್ಣವಿಲ್ಲದ ನೇಲ್ ಪಾಲಿಶ್ಅನ್ನು ತಿರುಪಿಗೂ ಹಿಂಬದಿಗೂ ಬಳಿದು ಒಣಗಿಸಿಟ್ಟರೆ ಕೆಲವು ಗಂಟೆಗಳ ಮಟ್ಟಿಗೆ ತಡೆಯುತ್ತದೆ. ಮೊನಚು ಅಂಚಿನ ಬಳೆ, ಸರಗಳು ಕ್ರೇಪ್ ರೇಷ್ಮೆಯ ಎಳೆ ಎಳೆಯುವುದರಿಂದ ಬೆರಳು ಸವರಿ ನೋಡಿಯೇ ಹಾಕಿ.

ಹೂವಿಗೆ ಮಲ್ಲಿಗೆಯನ್ನು ಮೀರಿದ್ದಿಲ್ಲ. ಮೈಸೂರು, ಹಡಗಲಿ, ಉಡುಪಿ ಮೂರೂ ಕಡೆಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕರಾವಳಿಯಲ್ಲಿ ಅಟ್ಟೆಯ ಲೆಕ್ಕ, ಒಳನಾಡಿನಲ್ಲಿ ಮೊಳ ಮಾರಿನ ಲೆಕ್ಕ. ಲಗ್ನದ ದಿನಗಳಲ್ಲಿ ಬೆಲೆ ಗಗನಕ್ಕೇರುವುದರಿಂದ ಹೂವಿನವರಿಗೆ ಮುಂಗಡ ಹೇಳಿಡುವುದು ಒಳ್ಳೆಯದು. ಹಿಂದಿನ ಸಂಜೆ ತಂದ ದಂಡೆಯನ್ನು ಬಾಳೆ ಎಲೆಯಲ್ಲಿ ಅಥವಾ ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಡಿ. ಅರಳಿದ ಹೂವಿಗಿಂತ ಬಿಗಿ ಮೊಗ್ಗಿನ ದಂಡೆ ಆರಿಸಿದರೆ ಅದು ಮುಡಿದ ಮೇಲೆ ಅರಳಿ ಮಧ್ಯಾಹ್ನಕ್ಕೂ ಘಮಘಮಿಸುತ್ತದೆ. ದಂಡೆಯನ್ನು ಜಡೆಗೆ ಎರಡು ಕಡೆ ಯು ಪಿನ್ನಿನಿಂದ ಸಿಕ್ಕಿಸಿ. ಗಿಡ್ಡ ಕೂದಲಿನವರು ಚೌರಿಯ ಗೊಡವೆಗೆ ಹೋಗದೆ ಕಿವಿಯ ಹಿಂದೆ ಒಂದು ಗುಲಾಬಿಯನ್ನೋ ನಾಲ್ಕು ಎಳೆ ಕನಕಾಂಬರವನ್ನೋ ಮುಡಿಯಬಹುದು.

ಗಂಡಸರಿಗೆ ಎರಡು ಮಾತು

ಹೊಸ ಪಂಚೆಯ ಗಂಜಿ ಜಾರುತ್ತದೆ. ಒಮ್ಮೆ ಒಗೆದು ಇಸ್ತ್ರಿ ಮಾಡಿದ ಮೇಲೆ ಉಟ್ಟರೆ ನಿಲ್ಲುತ್ತದೆ. ಅಭ್ಯಾಸವಿಲ್ಲದವರು ಮೇಲೊಂದು ಅಗಲ ಬೆಲ್ಟು ಬಿಗಿಯಲು ಸಂಕೋಚಪಡಬೇಕಾಗಿಲ್ಲ, ಅಂಗಿ ಅದನ್ನು ಮುಚ್ಚುತ್ತದೆ. ಅಂಗಿಯ ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂತರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ಛತ್ರದಲ್ಲಿ ಎದುರಾಗುವ ಮಾತುಗಳು

ಇಷ್ಟೆಲ್ಲ ಸಿದ್ಧವಾಗಿ ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡು ಒಳಗೆ ಕಾಲಿಡುವಷ್ಟರಲ್ಲಿ "ಏನೇ, ಇಷ್ಟು ದಪ್ಪ ಆಗಿದೀಯ", "ಬಿಸಿಲಲ್ಲಿ ತಿರುಗಿ ಕಪ್ಪಾಗಿಬಿಟ್ಟಿದೀಯಲ್ಲ" ಎನ್ನುವ ಹಿರಿಯರೊಬ್ಬರು ಎದುರಾಗಿಯೇ ಆಗುತ್ತಾರೆ. ಬಹುಪಾಲು ಸಲ ಅದು ಕುಶಲ ಕೇಳುವ ಅವರ ಕಾಲದ ರೀತಿ. ಕೆಲವು ಸಲ ಅಲ್ಲ. ಎರಡಕ್ಕೂ ಉತ್ತರ ಒಂದೇ ಇರಲಿ. "ಹೂಂ ದೊಡ್ಡಮ್ಮ, ನೀವು ಹೇಗಿದ್ದೀರಿ, ಮಂಡಿನೋವು ಹೇಗಿದೆ" ಎಂದು ಅವರ ಕೈ ಹಿಡಿದು ಕೇಳಿದರೆ ಮಾತು ಹತ್ತು ನಿಮಿಷ ಮಂಡಿನೋವಿನ ಮೇಲೇ ಓಡುತ್ತದೆ. ವಿವರಣೆ ಕೊಡಲು ಹೋಗಬೇಡಿ. ಥೈರಾಯ್ಡ್, ಕೆಲಸದ ಒತ್ತಡ, ಹೆರಿಗೆ ಎಂದು ಕಾರಣ ಹೇಳಿದಷ್ಟೂ ಸಲಹೆಗಳ ಸರಮಾಲೆ ಬೆಳೆಯುತ್ತದೆ. ಮಕ್ಕಳ ಎದುರು ಇಂಥ ಮಾತು ಅವರ ಬಗ್ಗೆಯೇ ಬಂದರೆ ಮಾತ್ರ ಸುಮ್ಮನಿರದೆ, "ಅವಳಿಗೆ ಈ ಲಂಗ ತುಂಬ ಒಪ್ಪಿದೆ ಅಲ್ವಾ ಅತ್ತೆ" ಎಂದು ಅಲ್ಲೇ ದಾರಿ ತಿರುಗಿಸಿ.

ಫೋಟೋಗೆ ನಿಲ್ಲುವಾಗ ಕ್ಯಾಮೆರಾಗೆ ಎದೆಯೊಡ್ಡಿ ನೇರ ನಿಲ್ಲದೆ ಸ್ವಲ್ಪ ಓರೆಯಾಗಿ, ಸೆರಗಿನ ಭುಜ ಮುಂದಿರುವಂತೆ, ಮೈಭಾರವನ್ನು ಹಿಂದಿನ ಕಾಲಿನ ಮೇಲೆ ಹಾಕಿ ನಿಂತರೆ ಸೀರೆಯ ಗೆರೆಗಳು ಸುಂದರವಾಗಿ ಬರುತ್ತವೆ. ತೆಗೆದ ಕೂಡಲೇ ಫೋನು ಕಸಿದು ತಮ್ಮ ಮುಖವನ್ನು ಹಿಗ್ಗಿಸಿ ನೋಡುವ ಚಟವನ್ನು ಆ ಒಂದು ದಿನಕ್ಕಾದರೂ ಬಿಡುವುದು ಮೇಲು, ಫೋಟೋಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಮನೆಗೆ ಬಂದ ಮೇಲೆ

ಸೀರೆ ಬಿಚ್ಚುವಾಗ ಎಲ್ಲಕ್ಕಿಂತ ಮೊದಲು ಪಿನ್ನುಗಳನ್ನು ಎಣಿಸಿ ತೆಗೆಯಿರಿ. ಆಯಾಸದಲ್ಲಿ ಎಳೆದಾಗಲೇ ರೇಷ್ಮೆ ಹರಿಯುವುದು. ಬಿಚ್ಚಿದ್ದನ್ನು ಕೂಡಲೇ ಮಡಿಸದೆ, ಬಿಸಿಲು ಬೀಳದ ಜಾಗದಲ್ಲಿ ಒಂದು ರಾತ್ರಿ ಗಾಳಿಗೆ ಹರವಿ. ಸಾರು ಚೆಲ್ಲಿದ ಕಲೆಯಿದ್ದರೆ ನೀರು ಹಚ್ಚಿ ಉಜ್ಜದೆ, ಏನು ಚೆಲ್ಲಿತೆಂದು ಚೀಟಿಯಲ್ಲಿ ಬರೆದು ಡ್ರೈಕ್ಲೀನಿಂಗಿಗೆ ಕೊಡಿ. ರವಿಕೆಯ ಬಗಲಲ್ಲಿ ಬೆವರು ಒಣಗಿ ಕೂರುವ ಮುನ್ನ ಅದನ್ನೂ ಜೊತೆಗೇ ಕಳಿಸಿ. ಮರಳಿ ಬಂದ ಸೀರೆಯನ್ನು ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, ಜರಿ ಒಳಗೆ ಬರುವಂತೆ ಮಡಿಸಿ, ಒಗೆದ ಹಳೆಯ ಮಲ್ ಬಟ್ಟೆಯಲ್ಲಿ ಸುತ್ತಿ, ಹತ್ತಿರ ನುಸಿಗುಳಿಗೆ ಹಾಕದೆ ನಾಲ್ಕು ಲವಂಗವನ್ನು ಸಣ್ಣ ಗಂಟು ಕಟ್ಟಿ ಇಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ, ಹಳೆಯ ಗೆರೆಗಳನ್ನು ಬಿಟ್ಟು ಬೇರೆ ಕಡೆ ಮಡಿಸಿಡಬೇಕು.